ಸಂತೋಷ ಹಾಡಿದ ಕನ್ನಡ

ಏಳನೇ ಇಯತ್ತೆ ಬಿಟ್ಟು ನಾನು ಮೊದಲ ಸಲ ಮನೆಯಿಂದ ಹೊರಬಿದ್ದದ್ದು ಒಂದು ಸೋಮವಾರ. ಆಮೇಲೆ ಎಷ್ಟೋ ಊರು ಆದವು. ಈ ವರ್ಷ ಪುಣೆ ಹತ್ತಿರದ ಭೋಸರಿಯಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪ್. ಅಲ್ಲಿನ ನಾಲ್ವರು ಕೆಲಸಗಾರರು ಕೂಡಿ ಒಂದು ರ್‍ಯಾಪ್ ಆಲ್ಬಂ ಮಾಡಿದ್ದರು. ಒಬ್ಬ ಬರೆದದ್ದನ್ನು ಇನ್ನೊಬ್ಬ ಹಾಡಬೇಕು ಅನ್ನೋದು ಅವರ ಕರಾರು. ಯಾದಗಿರಿಯ ಮಲ್ಲಪ್ಪ ಬರೆದ ಕನ್ನಡ ಹಾಡು ಮರಾಠಿ ಸಂತೋಷನ ಪಾಲಿಗೆ ಬಂದಿತ್ತು.

ಊಟದ ಹೊತ್ತಿನಲ್ಲಿ ಮಲ್ಲಪ್ಪ ಇಯರ್‌ಫೋನ್ ಕೊಟ್ಟ. "ಕಾಕಾ, ಇಲ್ಲಿ ನನ್ನ ಬಿಟ್ರ ಕನ್ನಡ ತಿಳಿಯೋರು ನೀವೊಬ್ಬರ. ಚಲೋ ಇಲ್ಲಂದ್ರ ಇದನ್ನ ತೆಗೆದುಬಿಡ್ತೀವ್ರಿ."

ಅವ್ವ ಫೋನಿನಲ್ಲಿ "ಉಂಡಿಯೇನಪಾ, ಯಾವಾಗ ಬರ್ತಿ" ಅಂತ ಕೇಳುವ ಹಾಡು. ತಾಳಕ್ಕೆ ನಮ್ಮದೇ ಪ್ರೆಸ್ಸಿನ ಧಡ್ ಧಡ್. ಕನ್ನಡ ಬಲ್ಲ ನಮ್ಮವರಾದರೆ ಶಬ್ದಗಳನ್ನು ಓಡಿಸಿಕೊಂಡು ಹೋಗುತ್ತಿದ್ದರು. ಕನ್ನಡ ಬಾರದ ಸಂತೋಷ ಒಂದೊಂದು ಶಬ್ದವನ್ನೂ ತುಂಬಿದ ಕೊಡದಂತೆ ಜ್ವಾಕಿಯಿಂದ ಹೊತ್ತು ತಂದಿದ್ದ. ಕೈಯಲ್ಲಿನ ರೊಟ್ಟಿ ಕೆಳಗಿಟ್ಟು ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದೆ.

"ಚುಕಲಾ ಕಾ, ಕಾಕಾ?" ತಪ್ಪಾಯಿತೇ ಅಂತ ಸಂತೋಷ ಹೆದರಿ ಕೇಳಿದ.

"ನಾಹೀ ರೇ," ಅಂದೆ. ಮಲ್ಲಪ್ಪನ ಕಡೆ ತಿರುಗಿ, "ತೆಗೀಬ್ಯಾಡೋ, ಇದನ್ನ ಮೊದಲನೇ ಹಾಡು ಮಾಡು."

ಇಲ್ಲಿಯ ಕೆಲಸ ಮುಗಿದು ಈಗ ಚೀಲ ಕಟ್ಟುತ್ತಿದ್ದೇನೆ. ನಾನು ಊರಿಗೆ ಹೊರಟೆನೆಂದು ತಿಳಿದು, "ಅವ್ವಗ ಕೇಳಸ್ರಿ" ಅಂತ ಇಬ್ಬರೂ ಖುಷಿಯಿಂದ ನನ್ನ ಫೋನಿಗೆ ಹಾಡು ಹಾಕಿಕೊಟ್ಟಿದ್ದಾರೆ. ನನ್ನ ಟಿಕೆಟ್ ಊರಿಗಲ್ಲ, ಇನ್ನೊಂದು ಕೆಲಸಕ್ಕೆ ಸೂರತ್ತಿಗೆ ಅಂತ ಹೇಳಲು ಬಾಯಿ ಬರಲಿಲ್ಲ.