ಎದ್ದು ನಿಂತವಳು ಯಾರು?

ದಕ್ಷಿಣ ಕೊರಿಯಾದ ಬುಸಾನ್‌ನ ಮೀನುಪೇಟೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ವಿಶ್ವವಿದ್ಯಾಲಯದ ಗ್ರಂಥಪಾಲಕಿ ಪ್ಯೊ ಮ್ಯೊಂಗ್‌ಹೀ ಮೀನಿನ ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ರೆಕಾರ್ಡರಿಗೆ ನೀರು ಸಿಡಿಯದಂತೆ ಅಂಗೈ ಮರೆ ಹಿಡಿದಿದ್ದಾರೆ. ಎದುರಿಗೆ ಮೀನು ಮಾರುವ ಗು ಮಾಲ್‌ಸುನ್ ಅಜ್ಜಿ ಕತ್ತಿ ಮಸೆಯುತ್ತಲೇ ಗುಡುಗುತ್ತಾರೆ: “ಅದು ನಾನೇ ಕಣಮ್ಮಾ! ನನ್ನ ಮೂತಿ ನಂಗೇ ಗೊತ್ತಿಲ್ವಾ?”

ಜಗಳ ಒಂದು ಹಳೆಯ ಫೋಟೊದ್ದು. ರಬ್ಬರ್ ಬೂಟಿನ ಕಾರ್ಖಾನೆಯ ಅಂಗಳದಲ್ಲಿ ಮುಷ್ಕರಕ್ಕೆ ಕೂತ ಹುಡುಗಿಯರು; ನಡುವೆ ಒಬ್ಬಳು ಮಾತ್ರ ಎದ್ದು ನಿಂತಿದ್ದಾಳೆ. ಶನಿವಾರ ಗ್ರಂಥಾಲಯದಲ್ಲಿ ಪ್ರದರ್ಶನ. ಇಷ್ಟು ವರ್ಷ ಅದರಡಿ ‘ಒಬ್ಬ ಕಾರ್ಮಿಕ ಮಹಿಳೆ’ ಎಂದಷ್ಟೇ ಇತ್ತು. ಈಗ ಹೆಸರು ಬರೆಯಹೊರಟರೆ, ಗುಡ್ಡದ ಮೇಲಿನ ಕೇರಿಯ ತಾಕ್ ಪಿಲ್‌ನ್ಯೊ ಅಜ್ಜಿಯೂ “ಅದು ನಾನು” ಅನ್ನುತ್ತಿದ್ದಾರೆ.

ಮ್ಯೊಂಗ್‌ಹೀ ಕೆಲಸಕ್ಕೆ ಸೇರಿದಾಗ ಕಪಾಟಿನಲ್ಲಿ ಮಾಲೀಕರ ಚರಿತ್ರೆ ದಪ್ಪ ದಪ್ಪ ಸಂಪುಟಗಳಲ್ಲಿತ್ತು. ಬೂಟಿಗೆ ಅಟ್ಟೆ ಅಂಟಿಸಿದವರ ಬಗ್ಗೆ ಒಂದು ಸಾಲೂ ಇರಲಿಲ್ಲ. “ನಮ್ಮಮ್ಮನೂ ಅಂಟಿಸಿದವಳೇ. ಕೇಳೋಣ ಅಂದ್ಕೊಳ್ಳೋಷ್ಟರಲ್ಲಿ ಹೋಗ್ಬಿಟ್ಳು” ಎನ್ನುತ್ತಾರೆ. ಅಂದಿನಿಂದ ಇಪ್ಪತ್ತಾರು ವರ್ಷ, ರೆಕಾರ್ಡರಿನಲ್ಲಿ ಇನ್ನೂರು ಚಿಲ್ಲರೆ ದನಿಗಳು. ಗ್ರಂಥಾಲಯದ ಮೇಲಿನವರ ಕುಹಕವೂ ಅಷ್ಟೇ ಹಳೆಯದು: “ಪುಸ್ತಕ ಜೋಡಿಸೋದು ಬಿಟ್ಟು ಅಜ್ಜೀರ ಹಿಂದೆ ಅಲೀತಾಳೆ.”

ದಿಕ್ಕು ತೋಚದೆ ಮ್ಯೊಂಗ್‌ಹೀ ಇಂದು ಪಿಲ್‌ನ್ಯೊ ಅಜ್ಜಿಯನ್ನೂ ಪೇಟೆಗೇ ಕರೆತಂದಿದ್ದಾರೆ.

“ನೀನೆಲ್ಲಿ ನಿಂತಿದ್ದೆ ಅಕ್ಕಾ? ಕೂತ್ಕೊಂಡು ಗೊಳೋ ಅಂತಿದ್ದೆ” ಎಂದು ಪಿಲ್‌ನ್ಯೊ ಬಂದವರೇ ಚುಚ್ಚುತ್ತಾರೆ.

ಮಾಲ್‌ಸುನ್ ಕತ್ತಿ ಕೆಳಗಿಡುತ್ತಾರೆ. “ಅತ್ತಿದ್ದು ನಿಜ. ಯಾರೋ ಕೈ ಹಿಡಿದು ಎಬ್ಬಿಸಿದ್ರು. ಎದ್ದೆ.”

“ನನ್ನನ್ನೂ ಯಾರೋ ಎಬ್ಬಿಸಿದ್ರು. ನೀನೇ ಅಂದ್ಕೊಂಡಿದ್ದೆ.”

“ನಾನಲ್ಲ ಮಾರಾಯ್ತಿ. ನಾನು ನೀನು ಅಂದ್ಕೊಂಡಿದ್ದೆ!”

ಇಬ್ಬರೂ ಪಟವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಾರೆ. ಮಸುಕು ಮುಖ. ಈಗ ಇಬ್ಬರಿಗೂ ಅನುಮಾನ: ತಮ್ಮನ್ನು ಎಬ್ಬಿಸಿದವಳೇ ಇವಳಿರಬಹುದೇ? ಮಾಲ್‌ಸುನ್ ಮೆಲ್ಲಗೆ, “ಹಾಗಾದ್ರೆ ಇವಳ್ಯಾರೇ?” ಎನ್ನುತ್ತಾರೆ.

ಶನಿವಾರದ ಪ್ರದರ್ಶನದಲ್ಲಿ ಪಟದಡಿ ಈಗ ಇಬ್ಬರ ಹೆಸರಿದೆ, ‘ಅಥವಾ ಇನ್ನೊಬ್ಬಳು’ ಎಂದಿದೆ, ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ‘ಸಂಶೋಧನೆ ಅಂದ್ರೆ ಇದೇನಾ?’ ಎಂದು ಮೇಲಿನವರು ನಕ್ಕರು. ಬರುವ ವಸಂತಕ್ಕೆ ಮ್ಯೊಂಗ್‌ಹೀ ಅವರ ನಿವೃತ್ತಿ.

“ಯಾರು ಅಂತ ನಂಗೆ ಗೊತ್ತಾಗ್ಲಿಲ್ಲ, ನಿಜ” ಎನ್ನುತ್ತಾರೆ. “ನನ್ನ ಜಾಗಕ್ಕೆ ಬರೋರು ಅವಸರ ಮಾಡಿ ಆ ಪ್ರಶ್ನೆ ಅಳಿಸದಿದ್ರೆ ಸಾಕು.”