ಮಾರಿದವನ ಹಗ್ಗ ಮಾರಿದವನಿಗೇ

ಫ್ರೆಂಡ್ಸ್, ನೀವು ಹೇಳಿದಂತೆ ಇವತ್ತು ಮಳವಳ್ಳಿಯ ಅಂಗಡಿಯಲ್ಲಿ ರ‍್ಯಾಮ್ ನೋಡಿದೆ, ಹಾರ್ಡ್ ಡಿಸ್ಕ್ ನೋಡಿದೆ, ವಾರಂಟಿ ಕೇಳಿದೆ. ಮನೆಗೆ ಕಂಪ್ಯೂಟರ್ ತಗೊಳ್ಳುವಾಗ ಯಾರನ್ನು ಜೊತೆಗೆ ಕರ್ಕೊಂಡು ಹೋಗಬಾರದು ಅಂತ ಮಾತ್ರ ನೀವು ಯಾರೂ ಹೇಳಲಿಲ್ಲ. ನಾನು ಮಾವನವರನ್ನು ಕರ್ಕೊಂಡು ಹೋದೆ. ಜೀವಮಾನವೆಲ್ಲ ಎತ್ತಿನ ವ್ಯಾಪಾರ ಮಾಡಿದವರು.

ಮಾವ ಸಿಪಿಯು ಬೆನ್ನು ಸವರಿ, "ಇದ್ಯಾಕ್ಲಾ ಗುಂಯ್ ಅಂತದೆ?" ಅಂದರು.

"ಒಳಗೆ ಫ್ಯಾನ್ ಐತೆ ಯಜಮಾನ್ರೇ," ಅಂದ ಅಂಗಡಿಯವನು.

"ಉಸ್ರು ಚೆಂದಾಗದೆ, ಕಟ್ಟು."

ನಾನು ಬಿಲ್ ಮಾಡಿಸುತ್ತಿದ್ದಾಗ ಮಾವನೇ ನಿಂತು ಪ್ಯಾಕ್ ಮಾಡಿಸಿದರು. ನಮ್ಮೂರು ಪೂರಿಗಾಲಿಗೆ ಬಂದು ಬಿಚ್ಚಿದರೆ ಕರೆಂಟಿನ ವೈರೇ ಇಲ್ಲ! ಮಗಳು ಇವತ್ತೇ ಕಾಲೇಜಿಗೆ ಪ್ರಾಜೆಕ್ಟ್ ಕಳಿಸಬೇಕು, ಅಳೋದೊಂದು ಬಾಕಿ. ಅಂಗಡಿಗೆ ಫೋನ್ ಮಾಡಿ ರೇಗಿದೆ.

"ಮೇಡಂ, ಯಜಮಾನ್ರೇ ವಾಪಸ್ ಕೊಟ್ಟೋದ್ರು!"

ಮಾವನ ಕಡೆ ತಿರುಗಿದೆ. ಅವರಿಗೆ ಒಂದಿಷ್ಟೂ ಅಳುಕಿಲ್ಲ. "ಊಂ ಕಣಮ್ಮ. ಎತ್ತು ತಕ್ಕೊಂಡ್ರೆ ಅಗ್ಗ ಮಾರ್ದೋನ್ಗೇ ಬುಡ್ಬೇಕು. ಅದ್ನೂ ಕಿತ್ಕೊಂಡ್ ಬಂದ್ರೆ ಅವ್ನ ಕೊಟ್ಗೆ ಏಳ್ಗೆ ಆಗಕ್ಕಿಲ್ಲ. ನಾವು ಒಸಾ ಅಗ್ಗ ಆಕ್ಕೊಂಡು ಬರ್ಬೇಕು."

ನಿಜ, ಬಾಕ್ಸಿಗೆ ಹೊಸ ಹಗ್ಗ ಬಿಗಿದಿತ್ತು.

"ನೀವಾದ್ರೂ ಬೇಡ ಅನ್ನಬಾರದಿತ್ತಾ?" ಅಂತ ಫೋನಿನಲ್ಲೇ ಅಂಗಡಿಯವನನ್ನು ಕೇಳಿದೆ.

"ಅನ್ನೋಣ ಅಂತಲೇ ಇದ್ದೆ ಮೇಡಂ. ಏಳ್ಗೆ ಆಗಲ್ಲ ಅಂದ್ಬುಟ್ರು, ಇವತ್ತು ಬೋಣಿ ಬೇರೆ ನಿಮ್ದೇ. ಬನ್ನಿ, ಕೊಡ್ತೀನಿ." ಫೋನ್ ಇಡುವ ಮುಂಚೆ, "ಬೇರೆ ಅಂಗಡೀಲಿ ತಗೊಂಡ್ರೆ ಇನ್ನೂ ಒಳ್ಳೇದು," ಅಂದ.

ಪೂರಿಗಾಲಿ ಕಡೆ ಯಾರ ಹತ್ತಿರವಾದರೂ ಒಂದು ವೈರ್ ಇದ್ದರೆ ಇವತ್ತೊಂದು ದಿನಕ್ಕೆ ಕೊಡಿ. ವಾಪಸ್ ಕೊಡೋ ಜವಾಬ್ದಾರಿ ಮಾವನದು. ಆ ವಿಷಯದಲ್ಲಿ ಅವರನ್ನು ಮೀರಿಸೋರಿಲ್ಲ.