ಕಂಡಕ್ಟರ್ ಭೀಮರಾಯನ ‘ರೈಟ್’

ಸುರಪುರದ ಕಂಡಕ್ಟರ್ ಭೀಮರಾಯ ಮಾತು ಕಲಿಯಲು ನಮ್ಮ ಬಳಗಕ್ಕೆ ಸೇರಿದಾಗ ನಗದವರೇ ಇಲ್ಲ. ಇಪ್ಪತ್ತಾರು ವರ್ಷ ಸುರಪುರ, ಶಹಾಪುರ, ಯಾದಗಿರಿ ಎಂದು ಕೂಗಿಯೇ ಹೊಟ್ಟೆ ಹೊರೆದವನು. ಮೀನಿನ ಮರಿಗೆ ಈಜು ಕಲಿಸಬೇಕೆ ಎಂದು ನಾನೂ ಆಡಿಕೊಂಡೆ.

ಬಳಗ ಎಂದರೆ ದೊಡ್ಡದೇನಲ್ಲ. ಭಾನುವಾರ ಬೆಳಿಗ್ಗೆ ಶಾಲೆಯ ಒಂದು ಕೋಣೆ, ಹದಿನೈದು ಜನ, ಕಲಿಸಲು ನಿವೃತ್ತ ಹೆಡ್‌ಮಾಸ್ತರ ಸಂಗಮನಾಥರು. ಭಾಷಣ ಎಲ್ಲರಿಗೂ ಒಂದೆರಡು ತಿಂಗಳಲ್ಲಿ ಬಂದುಬಿಡುತ್ತದೆ. ಚರ್ಚೆ ನಡೆಸುವುದು ಕಷ್ಟ. ನಡುವೆ ಕೂತು ಹತ್ತು ಜನರಿಂದ ಮಾತಾಡಿಸಬೇಕು, ತಾನು ಮಾತ್ರ ಯಾವ ಕಡೆಗೂ ವಾಲಬಾರದು. ಭೀಮರಾಯ ಬಂದ ದಿನವೇ ಹೇಳಿದ.

“ಭಾಷಣಾ ಬ್ಯಾಡ್ರಿ ಸರ್ ನನಗ. ಚರ್ಚಾ ನಡಸೂದು ಕಲಸ್ರಿ.”

ಕಾರಣ ಮಗಳು. ಸಂಘಮಿತ್ರಾ ಪಿಯುಸಿ ಪಾಸಾದ ವಾರವೇ ಅವನು ಯಾದಗಿರಿಯ ಒಂದು ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಿ ಬಂದಿದ್ದ. ಬೆಳಿಗ್ಗೆ ತನ್ನ ಬಸ್ಸಿಗೇ ಹೋಗಿ ಸಂಜೆ ತನ್ನ ಬಸ್ಸಿಗೇ ಬರುತ್ತಾಳೆ, ಇನ್ನೇನು ಬೇಕು ಎಂಬುದು ಅವನ ಎಣಿಕೆ. ಅರ್ಜಿಯ ರಸೀದಿ ನೋಡಿ ಹುಡುಗಿ ಒಂದೇ ಮಾತು ಆಡಿದಳು.

“ಬಸ್ ಹತ್ತಿದ ಗುರ್ತಿಲ್ಲದ ಮಂದಿಗೆಲ್ಲಾ ‘ಎಲ್ಲಿಗ್ರಿ’ ಅಂತ ಕೇಳ್ತಿ. ನನಗ ಕೇಳೇ ಇಲ್ಲಪ್ಪ.”

ಅಂದಿನಿಂದ ಅಪ್ಪನ ಜೊತೆ ಮಾತು ಬಂದ್. ರೊಟ್ಟಿ ಬಡಿಸುತ್ತಿದ್ದಳು, ಬಟ್ಟೆ ಒಗೆದು ಮಡಚಿಡುತ್ತಿದ್ದಳು, ಮಾತಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತೇ ಬಿಟ್ಟವಳ ಮುಂದೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ. ಕಾಲೇಜು ಸೇರುವ ಕೊನೆಯ ದಿನಕ್ಕೆ ಒಂದು ತಿಂಗಳು ಉಳಿದಿತ್ತು. ಅಷ್ಟರೊಳಗೆ ಮಗಳ ಬಾಯಿ ತೆರೆಸಬೇಕು, ಅದಕ್ಕೂ ಮೊದಲು ತನ್ನ ಬಾಯಿ ಮುಚ್ಚಲು ಕಲಿಯಬೇಕು ಎಂದು ಅವನಿಗೆ ಹೊಳೆದದ್ದೇ ದೊಡ್ಡದು.

ಮೊದಲ ಸಲ ಚರ್ಚೆ ನಡೆಸಲು ಕೂತವನು ವಿಷಯ ಹೇಳಿ ತಾನೇ ಇಪ್ಪತ್ತು ನಿಮಿಷ ಮಾತಾಡಿದ. ಸಂಗಮನಾಥರು ಕನ್ನಡಕ ತೆಗೆದು ಒರೆಸಿಕೊಂಡರು.

“ಭೀಮರಾಯ, ಬಸ್ ಖಾಲಿ ಹೊಂಟದ ನೋಡು. ಮಂದಿ ಎಲ್ಲಾ ಸ್ಟಾಪಿನಾಗೇ ಉಳದಾರ.”

ಎರಡನೆಯ ವಾರದ ವಿಷಯ, ಊರಿನ ಸಂತೆಯನ್ನು ಬೇರೆ ಕಡೆ ಸಾಗಿಸಬೇಕೇ ಬೇಡವೇ. ಈ ಸಲ ಅವನು ತುಟಿ ಬಿಚ್ಚುವುದಿಲ್ಲವೆಂದು ಪಣ ತೊಟ್ಟಿದ್ದ. ಬಟ್ಟೆ ಅಂಗಡಿಯ ಮರಿಲಿಂಗಪ್ಪ ಸಾಗಿಸಲೇಬೇಕೆಂದು ವಾದಿಸಿ ಮುಗಿಸಿದ. ಭೀಮರಾಯ, “ರೈಟ್,” ಎಂದ. ಮರಿಲಿಂಗಪ್ಪ ಎದೆ ಉಬ್ಬಿಸಿ ಕೂತ. ಅಂಗನವಾಡಿಯ ತಸ್ಲೀಮಾ ಸಾಗಿಸಬಾರದೆಂದು ಎದ್ದು ನಿಂತವಳು ಅಲ್ಲೇ ಕೂತುಬಿಟ್ಟಳು.

“ನೀವು ಮೊದ್ಲೇ ಫೈಸಲಾ ಮಾಡೀರಿ. ನಾ ಯಾಕ ಮಾತಾಡ್ಲಿ?”

ಭೀಮರಾಯನಿಗೆ ಏನಾಯಿತೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಕೆಂಪಾಯಿತು.

“ಬಸ್ಸಿನಾಗ ರೈಟ್ ಅಂದ್ರ ಸರಿ ಅಂತ ಅಲ್ರೀ ಅಕ್ಕಾರ. ಗಾಡಿ ಮುಂದ ಹೋಗ್ಲಿ ಅಂತ!”

“ಅದು ನಿನ್ನ ಡ್ರೈವರಗ ತಿಳೀತದ,” ಎಂದರು ಸಂಗಮನಾಥರು. “ಇಲ್ಲಿ ತಿಳಿಯಂಗಿಲ್ಲ.”

ನಾವು ಬಿದ್ದು ಬಿದ್ದು ನಕ್ಕೆವು. ತಸ್ಲೀಮಾ ಮಾತ್ರ ನಗಲಿಲ್ಲ. ಸಂಜೆಯೊಳಗೆ ರೈಟಿನ ಕಥೆ ಊರಲ್ಲೆಲ್ಲ ಹಬ್ಬಿತು.

ಮೂರನೆಯ ವಾರ ಭೀಮರಾಯ ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ಬಂದ. ಆ ಮಾತು ನಾಲಿಗೆಗೆ ಬಂದಾಗಲೆಲ್ಲ ಲವಂಗ ಕಡಿಯುತ್ತಿದ್ದ, ಕಣ್ಣಲ್ಲಿ ನೀರು ಬರುತ್ತಿತ್ತು. ಅದೇ ಸಂತೆ, ಅದೇ ಜಗಳ. ಎಲ್ಲರೂ ಮಾತಾಡಿ ಮುಗಿಸಿದಂತೆ ಕಂಡಿತು. ಅವನು ಎದ್ದು, ತುಂಬಿದ ಬಸ್ಸಿನಲ್ಲಿ ನೋಡುವ ಹಾಗೆ ತಲೆಗಳ ಮೇಲೆ ಒಮ್ಮೆ ಕಣ್ಣಾಡಿಸಿದ.

“ಟಿಕೆಟ್ ಯಾರ್ದು ಆಗಿಲ್ರಿ?”

ಎಂದವನೇ ನಾಲಿಗೆ ಕಚ್ಚಿಕೊಂಡ. ಕೋಣೆಯೆಲ್ಲ ನಗೆ. ಆದರೆ ಮೂಲೆಯಲ್ಲಿ ಒಂದು ಕೈ ಮೇಲೆದ್ದಿತು.

“ನಂದು ಆಗಿಲ್ರಿ,” ಎಂದಳು ತಸ್ಲೀಮಾ. ಹತ್ತು ನಿಮಿಷ ಮಾತಾಡಿದಳು. ಭೀಮರಾಯ ಬಾಯಿ ತೆರೆಯದೆ ಕೇಳಿದ. ಸಂಗಮನಾಥರು ತಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು, ಅವರು ಮೆಚ್ಚುವ ರೀತಿ ಅಷ್ಟೇ. ನನಗೆ ಹೊಟ್ಟೆಕಿಚ್ಚಾಯಿತು. ಎರಡು ವರ್ಷದಿಂದ ಹೋಗುತ್ತಿರುವ ನನಗೆ ಅವರು ಕುರ್ಚಿ ಸರಿಸಿದ್ದಿಲ್ಲ.

ಮುಂದಿನದು ಭೀಮರಾಯನೇ ನನಗೆ ಹೇಳಿದ್ದು. ಆ ಮಧ್ಯಾಹ್ನ ಊಟವಾದ ಮೇಲೆ ಮತ್ತೊಂದು ಲವಂಗ ಬಾಯಿಗಿಟ್ಟು ಮಗಳ ಎದುರು ಕೂತು ಕೇಳಿದನಂತೆ.

“ಎಲ್ಲಿಗವ್ವ?”

ಸಂಘಮಿತ್ರಾ ಉಂಡ ಗಂಗಾಳ ಎತ್ತುವುದನ್ನು ನಿಲ್ಲಿಸಿದಳು. ನರ್ಸಿಂಗಿನ ಒಳ್ಳೆಯದನ್ನೆಲ್ಲ ಹೇಳಿಬಿಡೋಣ ಎಂದು ಅವನ ಜೀವ ಚಡಪಡಿಸಿತು. ಲವಂಗ ಕಡಿದ. ಕೊನೆಗೆ ಅವಳೇ ಬಾಯಿಬಿಟ್ಟಳು.

“ಕಲಬುರಗಿ. ಲಾ ಓದ್ತೀನಿ. ಹಾಸ್ಟೆಲ್‌ನಾಗ ಇರ್ತೀನಿ.”

ಕಲಬುರಗಿಗೆ ಅವನ ಬಸ್ಸು ಹೋಗುವುದಿಲ್ಲ. ಐದು ವರ್ಷ ಅವಳು ಮನೆಯಲ್ಲಿ ಇರುವುದಿಲ್ಲ. ಅವನಿಗೆ ಹೆದರಿಕೆಯಾಯಿತು. ಲಾ ಓದಿದ ಹೆಣ್ಣುಮಗಳನ್ನು ಅವನು ದೂರದಿಂದ ಕೂಡ ಕಂಡಿರಲಿಲ್ಲ. ಹೆದರಿಕೆಯಲ್ಲಿ ಲವಂಗ ನುಂಗಿ ಹೋಯಿತು, ಹಳೆಯ ಮಾತು ಹೊರಬಿತ್ತು.

“ರೈಟ್.”

ಮಗಳು ಅವನ ಮುಖ ನೋಡಿದಳು. “ಯಾವ ರೈಟಪ್ಪ? ಬಸ್ಸಿಂದೋ, ಪೇಪರ್ ತಿದ್ದೂ ಮಾಸ್ತರ್ದೋ?”

ಭೀಮರಾಯ ಸುಳ್ಳು ಹೇಳಬಹುದಿತ್ತು.

“ಬಸ್ಸಿಂದವ್ವ. ಸರಿ ಅದನೋ ಇಲ್ಲೋ ನನಗ ಇನ್ನಾ ತಿಳದಿಲ್ಲ,” ಎಂದ. “ನೀ ಹೋಗು.”